ಗದ್ದದ ಕೆಳಗಿನ ನೆರಳು

ಇಜ್ಮಿರ್ ಕೊಲ್ಲಿಯ ದೋಣಿಗಳಿಗೆ ವೇಳೆ ಬರೆಯುವವಳು ನಾನು.
ಏಳು ಇಪ್ಪತ್ತು, ಏಳು ನಲವತ್ತು, ಎಂಟು.
ಗಾಳಿ ಎದ್ದರೆ ಹಲಗೆಯ ಮೇಲೆ 'ತಡ' ಎಂದು ಬರೆದು
ಮೈಕಿನಲ್ಲಿ ಕ್ಷಮೆ ಕೇಳುತ್ತೇನೆ.
ಎಪ್ಪತ್ತೆರಡು ದಿನ ತಡವಾದದ್ದಕ್ಕೆ
ನನ್ನ ಮೈ ಇನ್ನೂ ನನ್ನ ಕ್ಷಮೆ ಕೇಳಿಲ್ಲ.

ಪರದೆಯ ಮೇಲೆ ಬೆರಳಿಟ್ಟು ಡಾಕ್ಟರು ಅಂದರು:
ನೋಡಿ, ಅಂಡಾಶಯದ ಅಂಚಿಗೆ
ಮುತ್ತಿನ ಸರ ಪೋಣಿಸಿದ ಹಾಗೆ.
ಹೊಟ್ಟೆಯ ಮೇಲಿನ ತಣ್ಣನೆ ಜೆಲ್ಲು ಒರೆಸಿಕೊಳ್ಳುತ್ತ
ಅಂದುಕೊಂಡೆ, ಇಪ್ಪತ್ತೊಂಬತ್ತು ವರ್ಷಕ್ಕೆ
ನನ್ನ ಪಾಲಿಗೆ ಬಂದ ಮೊದಲ ಒಡವೆ.
ಮುತ್ತಿದೆ,
ಮುಟ್ಟಿಲ್ಲ.

ಚೀಟಿಯಲ್ಲಿ ಮೆಟ್ಫಾರ್ಮಿನ್. ಕೆಳಗೆ ಒಂದೇ ಸಾಲು: ತೂಕ ಇಳಿಸಿ.
ಹೋಗುವಾಗ ಬಾಗಿಲು ಹಾಕಿಕೊಂಡು ಹೋಗಿ
ಅನ್ನುವಷ್ಟು ಸಲೀಸಾಗಿ ಬರೆದಿದ್ದರು.
ಮಾತ್ರೆ ನುಂಗಿದ ಮೊದಲ ವಾರ
ಹೊಟ್ಟೆಯೊಳಗೇ ಬಿರುಗಾಳಿ.
ದೋಣಿಗಳು ಹೊರಟವು, ನಾನು ಪಾಯಖಾನೆಯಲ್ಲಿದ್ದೆ.

ಆಮೇಲೆ ಊರೆಲ್ಲ ವೈದ್ಯರು.
ಪಕ್ಕದ ಮನೆಯ ಪೆರಿಹಾನ್: ಬರಿಹೊಟ್ಟೆಗೆ ದಾಲ್ಚಿನ್ನಿ.
ಟಿಕೆಟ್ ಕೌಂಟರಿನ ಸೆವಿಮ್: ಬೆನ್ನಿಗೆ ಬಟ್ಟಲು ಹಚ್ಚಿಸಿ
ಕೆಟ್ಟ ರಕ್ತ ತೆಗೆಸಿಬಿಡು.
ಒಳ್ಳೆಯ ರಕ್ತವೇ ಬಾರದವಳಿಗೆ!
ಅಮ್ಮ ಮಾತ್ರ ಏನೂ ಹೇಳದೆ
ಒಳಂಗಿಗೆ ನೀಲಿಕಣ್ಣಿನ ಮಣಿಯೊಂದನ್ನು ಸಿಕ್ಕಿಸಿದಳು.
ಓಡುವಾಗ ಅದು ಚುಚ್ಚುತ್ತದೆ.

ಸಕ್ಕರೆ ಬಿಡು, ಸಕ್ಕರೆ ಬಿಡು.
ಭಾನುವಾರ ಅದೇ ಸಕ್ಕರೆಗೆ ನಿಂಬೆ ಹಿಂಡಿ, ಪಾಕ ಕಾಯಿಸಿ
ಗದ್ದಕ್ಕೆ ಹಚ್ಚಿ, ಹಲ್ಲು ಕಚ್ಚಿ, ಎಳೆಯುತ್ತೇನೆ.
ಹತ್ತು ದಿನಕ್ಕೆ ಮತ್ತೆ ಮೊಳಕೆ.
ಮಾತಿನ ನಡುವೆ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ,
ಮುರಿದ ಹಲ್ಲನ್ನು ನಾಲಿಗೆ ಹುಡುಕುವ ಹಾಗೆ.

ಕೊನೆಗೆ ಕೆಮೆರಾಲ್ತಿ ಪೇಟೆ.
ಗುಂಡಿ, ಜಿಪ್ಪು, ಲೇಸು ಮಾರುವ ಅಂಗಡಿಯ ಮಹಡಿಯಲ್ಲಿ
ಮುರುವ್ವೆತ್ ಹನೀಮಳ ಬೇರು-ನಾರಿನ ಕೋಣೆ.
ಎಲ್ಲ ಡಬ್ಬಿಗಳ ವಾಸನೆ ಸೇರಿ ಒಂದೇ ವಾಸನೆ.
ತಿಂಗಳಿಗೆ ಇನ್ನೂರು ಗ್ರಾಂ ಪುದೀನ, ಅಂದಳು,
ಹಾರ್ಮೋನು ಹದಕ್ಕೆ ಬರುತ್ತದೆ, ಕೂದಲು ಉದುರುತ್ತದೆ;
ಸಾವಿರ ಸಲ ಹೇಳಿ ಸವೆದ ದನಿ.
ನನ್ನ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು
ಕನ್ನಡಕದಡಿಯಿಂದ ಓದಲು ಮುಖ ಎತ್ತಿದಳು.

ಕಂಡೆ.
ಗದ್ದದ ಕೆಳಗೆ, ಪೌಡರು ದಪ್ಪಗೆ ಕೂತ ಜಾಗದಲ್ಲಿ
ಬೂದುನೀಲಿ ನೆರಳು.
ನಾನು ಕಂಡದ್ದು ಅವಳಿಗೂ ಕಂಡಿತು.
ತಕ್ಕಡಿಯ ತಟ್ಟೆ ಎರಡು ಸಲ ತೂಗಿ ನಿಂತಿತು.

'ಎಷ್ಟು ವರ್ಷ?' ಅಂದೆ.
'ನಲವತ್ತೊಂದು.
ನಮ್ಮ ಕಾಲಕ್ಕೆ ಇದಕ್ಕೊಂದು ಹೆಸರಿರಲಿಲ್ಲ, ಮಗಳೇ.
ಗಡ್ಡದ ಮುರುವ್ವೆತ್ ಅನ್ನುತ್ತಿದ್ದರು.
ರೋಗದ ಹೆಸರೂ ಅದೇ, ನನ್ನ ಹೆಸರೂ ಅದೇ.'
'ಮತ್ತೆ ಈ ಪುದೀನ?'
ಅವಳು ಡಬ್ಬಿಯ ಮುಚ್ಚಳ ತಿರುಗಿಸಿದಳು, ಬಿಗಿದಳು, ಮತ್ತೆ ತಿರುಗಿಸಿದಳು.
'ಚಹಾ ಚೆನ್ನಾಗಿರುತ್ತದೆ.'

ನಕ್ಕದ್ದು ಮೊದಲು ಯಾರೋ ತಿಳಿಯದು.
ಕೆಳಗಿನ ಅಂಗಡಿಯವನು ಮೆಟ್ಟಿಲ ಬುಡಕ್ಕೆ ಬಂದು
ಏನಾಯಿತೆಂದು ಕೂಗಿ ಕೇಳುವಷ್ಟು ನಕ್ಕೆವು.
ಕಣ್ಣೊರೆಸಿಕೊಂಡ ಕೈಯಲ್ಲಿ ಪೌಡರು ಬಂತು,
ಅವಳು ಮತ್ತೆ ಹಚ್ಚಿಕೊಳ್ಳಲಿಲ್ಲ.
'ಮಾತ್ರೆ ಬಿಡಬೇಡ. ಹೊಟ್ಟೆ ಕೆಡುತ್ತದೆಂದು ಡಾಕ್ಟರಿಗೇ ಹೇಳು,
ಊಟದ ನಡುವೆ ನುಂಗಲೇ, ಕಡಿಮೆಯಿಂದ ಶುರು ಮಾಡಲೇ, ಕೇಳು.
ಕೇಳಲು ನಾಚಿದವಳು ನಾನು.
ನಾಚಿ ಏನು ಸಿಕ್ಕಿತು? ಈ ಅಂಗಡಿ.'
ಪುದೀನಕ್ಕೆ ಮಾತ್ರ ಪೂರ್ತಿ ದುಡ್ಡು ಎಣಿಸಿಕೊಂಡಳು.

ಇವತ್ತಿಗೆ ಎಂಬತ್ತೊಂದು ದಿನ.
ಸಂಜೆ ಗಾಳಿ ಎದ್ದಿದೆ, ಆರೂವರೆಯ ದೋಣಿ
ಆಚೆ ದಡದಲ್ಲೇ ಕಟ್ಟಿಹಾಕಿಕೊಂಡಿದೆ.
ಜನ ಗಡಿಯಾರ ನೋಡುತ್ತಾರೆ, ನನ್ನನ್ನು ನೋಡುತ್ತಾರೆ.
ಬರುತ್ತದೋ ಇಲ್ಲವೋ ಗೊತ್ತಿಲ್ಲ ಎಂದು
ಮೈಕಿನಲ್ಲಿ ಹೇಳುವ ಹಾಗಿಲ್ಲ.
'ತಡ' ಎಂದಷ್ಟೇ ಬರೆದೆ.
ಫ್ಲಾಸ್ಕಿನ ಮುಚ್ಚಳಕ್ಕೆ ಬಗ್ಗಿಸಿಕೊಂಡು ಕೂತೆ.

ನಿಜ. ಚಹಾ ಚೆನ್ನಾಗಿತ್ತು.